ಸಮುದ್ರ ಎಡಕ್ಕಿರಬೇಕು

ಹೆಂಡತಿಗೆ ತೋರಿಸುವುದಕ್ಕಿಂತ ಮೊದಲು ಜೋಳದ ಚೀಲಕ್ಕೆ ಸಮುದ್ರ ತೋರಿಸಿದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ಅವನು ನನ್ನ ಕಾಕಾ! ಅದೂ ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಸೈಕಲ್ ಮೇಲೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅದರಲ್ಲಿ ಒಂದು ಸಲ ಆ ಚೀಲದ ಹಿಂದೆ ಹಿಂದೆ ಪೆಡಲ್ ತುಳಿದುಕೊಂಡು ಹೋದವನು ನಾನೇ.

ಕಾಕಾನದು ಗುಡಗೇರಿಯಲ್ಲಿ ಹಿಟ್ಟಿನ ಗಿರಣಿ. ತಲೆ ಕೆಟ್ಟ ಮನುಷ್ಯನೇನಲ್ಲ. ಸಂತೆಯ ದಿನ ಊರಿನ ಜೋಳ, ಗೋಧಿಯನ್ನೆಲ್ಲ ಬೀಸಿ, ಒಬ್ಬರ ಡಬ್ಬಿ ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಳ್ಳುವವನು. ಅವನ ಹುಚ್ಚು ಶುರುವಾದದ್ದು ಹೆಂಡತಿಯಿಂದ, ಅಂದರೆ ನಮ್ಮ ಕಾಕುವಿನಿಂದ. ಕಾಕುವಿಗೆ ಗೋಕರ್ಣಕ್ಕೆ ಹೋಗಬೇಕು, ಸಮುದ್ರ ನೋಡಬೇಕು ಎಂಬ ಆಸೆ. ಮದುವೆಯಾದ ಹೊಸದರಲ್ಲಿ ಕಾಕಾ ‘ಆತು, ತೋರಸ್ತೀನಿ’ ಎಂದು ಮಾತು ಕೊಟ್ಟುಬಿಟ್ಟಿದ್ದ. ಹೊಸ ಗಂಡಂದಿರು ಏನೇನೋ ಹೇಳುತ್ತಾರೆ, ಅದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಕಾಕಾ ಇಟ್ಟುಕೊಂಡಿದ್ದ.

ತೊಡಕೇನೆಂದರೆ, ಎಂಜಿನ್ ಇರುವ ಯಾವ ಗಾಡಿ ಹತ್ತಿದರೂ ಕಾಕುವಿಗೆ ವಾಂತಿ. ಬಸ್ಸು, ಕಾರು, ಟಂಟಂ ಎಂಬ ಭೇದಭಾವ ಅವಳಲ್ಲಿಲ್ಲ. ಗುಡಗೇರಿಯಲ್ಲಿ ರೈಲು ಹತ್ತಿದರೆ ಕುಂದಗೋಳ ಬರುವಷ್ಟರಲ್ಲಿ ಕಿಟಕಿ ಹಿಡಿದಿರುತ್ತಾಳೆ. ನನ್ನ ತಂಗಿಯ ಮದುವೆಗೆ ಟ್ರ್ಯಾಕ್ಟರಿನಲ್ಲಿ ಬಂದವಳು ಅಕ್ಕಿಕಾಳು ಬೀಳುವ ಹೊತ್ತಿಗೆ ಬೀಗರ ಹಿತ್ತಲಲ್ಲಿ ಮಲಗಿದ್ದಳು. ಅವಳ ಹೊಟ್ಟೆಗೆ ಒಗ್ಗಿದ ವಾಹನ ಒಂದೇ ಒಂದು, ಕಾಕಾನ ಕರಿ ಸೈಕಲ್ಲಿನ ಕ್ಯಾರಿಯರ್!

ಗಿರಣಿ ಮಗನ ಕೈಗೆ ಹೋದ ಮೇಲೆ ಕಾಕಾ ಒಂದು ದಿನ ನಮ್ಮ ಮನೆಗೆ ಬಂದು ಕಾಕುವನ್ನು ಸೈಕಲ್ ಮೇಲೆಯೇ ಗೋಕರ್ಣಕ್ಕೆ ಒಯ್ಯುವುದಾಗಿ ಹೇಳಿದ.

“ಕಾಕಾ, ಆ ಕಡೆ ಎಲ್ಲಾ ಗುಡ್ಡ. ನಮ್ಮ ಎರಿ ಹೊಲಧಂಗ ಸಪಾಟ ಇಲ್ಲ” ಎಂದೆ ನಾನು. ನಾನು ಅಣ್ಣಿಗೇರಿಯಲ್ಲಿ ಗಣಿತದ ಮಾಸ್ತರ. ಕೂಡುವುದು ಕಳೆಯುವುದು ನನಗೆ ಬೇಗ ತಿಳಿಯುತ್ತದೆ.

“ಗುಡ್ಡ ಐತಂತ ಗೊತ್ತೈತಿ. ಅದಕ್ಕ ಮೊದಲ ಚೀಲ ಒಯ್ತೀನಿ” ಎಂದ ಕಾಕಾ.

ಕಾಕುವನ್ನು ಗಿರಣಿಯ ತೂಕದ ಕಾಟಾದ ಮೇಲೆ ನಿಲ್ಲಿಸಿದ. ಅವಳು “ಸೀರಿ ತೂಕ ಕಳೀರಿ, ಬಳಿ ತೂಕ ಕಳೀರಿ” ಎಂದು ಎಷ್ಟು ಹೇಳಿದರೂ ಒಂದು ಕಾಳು ಬಿಡದೆ ಅಷ್ಟೇ ತೂಕದ ಜೋಳ ತುಂಬಿ ಚೀಲ ಹೊಲಿದ. ಅದನ್ನು ಕ್ಯಾರಿಯರಿಗೆ ಬಿಗಿದು ದಿನಾ ಬೆಳಿಗ್ಗೆ ಕೆರೆಯ ಏರಿ ಹತ್ತುವುದು, ಇಳಿಯುವುದು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಗುಡ್ಡ ಎಲ್ಲಿಂದ ತರಬೇಕು? ಪಂಚಮಿ ಹಬ್ಬ ಮುಗಿದ ಮರುದಿನ ಚೀಲದ ಹೊಲಿಗೆ ಬಿಚ್ಚಿ ಮತ್ತಷ್ಟು ಜೋಳ ಸುರಿಯುತ್ತಿದ್ದ. ಏಕೆಂದು ಕೇಳಿದರೆ, “ಉಂಡಿ ತಿಂದಾಳಲ್ಲೋ!” ಎಂದ. ಕಾಕು ಒಳಗಿನಿಂದ ಲಟ್ಟಣಿಗೆ ಹಿಡಿದು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲ ಸಲ ಚೀಲದೊಂದಿಗೆ ಒಬ್ಬನೇ ಹೋಗಿ ಬಂದ. ಎರಡನೆಯ ಸಲ ಹೊರಟಾಗ ನಮ್ಮ ಅವ್ವ “ಅವನ ಜೋಡಿ ಹೋಗು, ಎಲ್ಲೆರ ಬಿದ್ದಾನು” ಎಂದು ನನ್ನನ್ನು ಅಟ್ಟಿದಳು. ದಾರಿಯ ವಿಷಯಕ್ಕೇ ಮೊದಲ ಜಗಳ. ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿದು, ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಗೋಕರ್ಣ. ಊರೆಲ್ಲ ಹೋಗುವ ದಾರಿ ಅದು. ಕಾಕಾ ಒಪ್ಪಲಿಲ್ಲ. ಮುಂಡಗೋಡ, ಶಿರಸಿಯ ಮೇಲೆ ಕುಮಟೆಗೆ ಇಳಿದು, ಅಲ್ಲಿಂದ ಉತ್ತರಕ್ಕೆ ಹೋಗಬೇಕಂತೆ!

“ಯಾಕ?”

“ನಿಮ್ಮ ಕಾಕು ಕ್ಯಾರಿಯರ್ ಮ್ಯಾಲ ಎಡಕ್ಕ ಕಾಲ ಬಿಟ್ಟು ಕುಂದರ್ತಾಳ. ಮುಖಾನೂ ಎಡಕ್ಕ. ಅಂಕೋಲಾದಿಂದ ಹೋದ್ರ ಸಮುದ್ರ ಬಲಕ್ಕ ಬೀಳತೈತಿ. ಆಕಿಗೆ ಬರೇ ಗುಡ್ಡ ಕಾಣ್ತೈತಿ, ಬೆನ್ನಿಗೆ ಸಮುದ್ರ! ಕುಮಟಾದಿಂದ ಮ್ಯಾಲ ಹೋದ್ರ ಸಮುದ್ರ ಎಡಕ್ಕ.”

“ಹಂಗಾರ ಕಾಕುನ್ನ ಬಲಕ್ಕ ಕುಂದ್ರಸು.”

ಕಾಕಾ ನನ್ನನ್ನು ಕನಿಕರದಿಂದ ನೋಡಿದ. “ಮದಿವಿ ಆದಾಗಿಂದ ಆಕಿ ಎಡಕ್ಕ ಕುಂದರ್ತಾಳ. ಬೇಕಾದ್ರ ಸಮುದ್ರ ಹೊಳ್ಳಿ ಬರಲಿ.”

ಹೊರಟೆವು. ನಮ್ಮ ಕಡೆಯ ಸೈಕಲ್ಲಿಗೆ ಬ್ರೇಕ್ ಎಂಬುದು ಬರೀ ಅಲಂಕಾರ. ಸಪಾಟು ನೆಲದಲ್ಲಿ ಚಪ್ಪಲಿ ಊರಿದರೆ ಗಾಡಿ ನಿಲ್ಲುತ್ತದೆ. ಹಾಗಾಗಿ ಕಾಕಾ ಏರಿನಲ್ಲಿ ಏದುಸಿರು ಬಿಡುತ್ತ ತುಳಿಯುವುದು, ಇಳಿಜಾರು ಬಂದ ಕೂಡಲೇ ಇಳಿದು ನಡೆಯುವುದು! ಜಗತ್ತೆಲ್ಲ ಮಾಡುವುದಕ್ಕೆ ತಿರುವುಮುರುವು. ಶಿರಸಿ ದಾಟಿದ ಮೇಲಿನ ದೇವಿಮನೆ ಘಟ್ಟವನ್ನು ಇಡೀ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ನಡೆದೇ ಇಳಿದ. “ಇಳಿಜಾರಿಗೆ ಆಕಿ ಅಂಜತಾಳ” ಎಂದು ಸಮಜಾಯಿಷಿ. ಹೊರಡುವ ಮೊದಲೇ ಹೊಸ ಬ್ರೇಕ್ ಹಾಕಿಸಿಕೊಂಡಿದ್ದ ನಾನು ಜುಮ್ಮೆಂದು ಇಳಿದು, ಬುಡದಲ್ಲಿ ಚಹಾ ಕುಡಿದು, ಪೇಪರ್ ಓದಿ, ಇನ್ನೊಂದು ಚಹಾ ಕುಡಿದರೂ ಕಾಕಾನ ಪತ್ತೆಯಿರಲಿಲ್ಲ.

ಕುಮಟೆಯ ಹತ್ತಿರ ಪೊಲೀಸರು ತಡೆದರು. ತಡೆಯದೆ ಇನ್ನೇನು ಮಾಡುತ್ತಾರೆ? ಸೆರಗು ಗಾಲಿಗೆ ಸಿಗುತ್ತದೆಯೋ ಇಲ್ಲವೋ ನೋಡುವುದಕ್ಕೆ ಕಾಕಾ ಚೀಲಕ್ಕೆ ಕಾಕುವಿನ ಹಳೆಯ ಇಳಕಲ್ ಸೀರೆ ಸುತ್ತಿದ್ದ!

“ಎಂತ ಅದೆ ಚೀಲದಲ್ಲಿ?” ಎಂದು ಪೊಲೀಸಪ್ಪ ಕೇಳಿದ.

“ನಮ್ಮ ಹೆಂಡ್ತಿರಿ, ಸಾಹೇಬ್ರ” ಎಂದು ಕಾಕಾ ಕೈ ಮುಗಿದ.

ಮುಂದಿನದನ್ನು ಹೇಳಬೇಕಾಗಿಲ್ಲ. ಚೀಲ ಬಿಚ್ಚಿದರು, ಜೋಳ ಕೆದರಿದರು, ತಳದವರೆಗೂ ಕೈ ಹಾಕಿ ನೋಡಿದರು. ನಾನು ಮಾಸ್ತರನೆಂದು ಹೇಳಿದ್ದಕ್ಕೆ ನನ್ನನ್ನೇ ಹೆಚ್ಚು ಅನುಮಾನದಿಂದ ನೋಡಿದರು. ಕಥೆಯೆಲ್ಲ ಕೇಳಿದ ಮೇಲೆ ಆ ಪೊಲೀಸಪ್ಪ ತಾನೇ ಸುತಳಿ ತಂದು ಚೀಲ ಹೊಲಿಯುವುದಕ್ಕೆ ಕೈ ಜೋಡಿಸಿದ ಎಂಬುದನ್ನೂ ಹೇಳಬೇಕು.

ಕುಮಟೆಯಿಂದ ಮುಂದೆ ಹೆದ್ದಾರಿ ಬಿಟ್ಟು ಬಾಡ, ಕಾಗಾಲದ ಮೇಲೆ ಅಘನಾಶಿನಿಗೆ ಹೋಗುವ ಹಳ್ಳಿಯ ರಸ್ತೆ ಹಿಡಿದೆವು. ಒಂದು ದಿನ್ನೆ ಹತ್ತು, ತೆಂಗಿನ ತೋಟಕ್ಕಿಳಿ, ಮತ್ತೊಂದು ದಿನ್ನೆ ಹತ್ತು. ಪ್ರತಿ ದಿನ್ನೆಯ ನೆತ್ತಿಯಲ್ಲೂ ಎಡಕ್ಕೆ ನೀಲಿ ನೀರು ಧುತ್ತೆಂದು ಎದುರಾಗುತ್ತಿತ್ತು. ನಾನು ಸೈಕಲ್ ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದೆ. ಕಾಕಾ ಮಾತ್ರ ರಸ್ತೆಗೆ ಬಗ್ಗಿ, “ಇಲ್ಲೆ ತಗ್ಗೈತಿ, ಆಕಿ ಸೊಂಟಕ್ಕ ಪೆಟ್ಟು ಬೀಳತೈತಿ. ಈ ಗಿಡದ ಬುಡಕ ನೆರಳು ಚಲೋ ಐತಿ. ಇಲ್ಲೆ ನಳ ಐತಿ” ಎಂದು ತನ್ನಷ್ಟಕ್ಕೆ ಗೊಣಗುತ್ತ ಹೋಗುತ್ತಿದ್ದ. ಮುಂದೆ ಹೊಳೆ ದಾಟಿಸುವ ಯಾಂತ್ರಿಕ ದೋಣಿ. ಸೈಕಲ್ಲುಗಳನ್ನೂ ಹತ್ತಿಸಿಕೊಂಡರು. ನಡುಹೊಳೆಗೆ ಬರುವಷ್ಟರಲ್ಲಿ ಕಾಕಾನ ಮುಖ ಹಸಿರಾಗಿ, ಅಂಚಿಗೆ ಬಗ್ಗಿ, ಮುಂಜಾನೆ ತಿಂದ ರೊಟ್ಟಿಯನ್ನೆಲ್ಲ ಮೀನುಗಳಿಗೆ ಅರ್ಪಿಸಿದ. ಆಚೆ ದಡದಲ್ಲಿ ಮುಖ ತೊಳೆದುಕೊಂಡು ಸಂತೋಷದಿಂದ ಹೇಳಿದ: “ನನಗ ವಾಂತಿ ಆತು, ಖರೆ. ಆದ್ರ ಚೀಲಕ್ಕ ಏನೂ ಆಗ್ಲಿಲ್ಲ. ನಿಮ್ಮ ಕಾಕುಗೂ ಏನೂ ಆಗೂದಿಲ್ಲ!”

ಊರಿಗೆ ಬಂದ ಮೇಲೆ ಗಿರಣಿಯ ಕಟ್ಟೆಯ ಮೇಲೆ ಜನ ಸೇರಿದರು. “ಸಮುದ್ರ ಹೆಂಗೈತೋ?” ಎಂದು ಕೇಳಿದರು.

“ಎಡಕ್ಕೈತಿ” ಎಂದ ಕಾಕಾ.

ಮೂರನೆಯ ಸಲ ಒಬ್ಬನೇ ಹೋಗಿ ಬಂದವನಿಗೆ ಮೊಣಕಾಲು ಬಾತುಕೊಂಡಿತು. ಹುಬ್ಬಳ್ಳಿಯ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ಇನ್ನು ಸೈಕಲ್ ತುಳಿಯುವುದು ಸಾಕು ಎಂದರು. ಕಾಕಾ ಮೆಲ್ಲಗೆ, “ಒಂದ ಸಲ ಆದ್ರ ನಡೀತೈತೇನ್ರಿ?” ಎಂದು ಕೇಳಿದ. ಡಾಕ್ಟರು ಪಾಪ, ಮನೆಯಿಂದ ಗಿರಣಿಗೆ ಒಂದು ಸಲ ಎಂದು ತಿಳಿದು “ನಡೀತೈತಿ” ಅಂದುಬಿಟ್ಟರು.

ಈ ಸಲ ಅಲ್ಲದಿದ್ದರೆ ಇನ್ನು ಎಂದೂ ಇಲ್ಲ. ಅದು ಕಾಕುವಿಗೂ ಗೊತ್ತಾಯಿತು. “ಬಿಡ್ರಿ, ಟೀವ್ಯಾಗ ನೋಡೇನಿ” ಎಂದಳು. ಹಾಗೆನ್ನುವಾಗ ಅವಳು ಕಾಕಾನ ಮುಖ ನೋಡಲಿಲ್ಲ. ಕಾಕಾ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಚಳಿ ಬಿದ್ದೊಡನೆ ಚೀಲ ಇಳಿಸಿ, ಹೆಂಡತಿಯನ್ನು ಹತ್ತಿಸಿಕೊಂಡು ಹೊರಟೇಬಿಟ್ಟ. ಒಂದು ಊರಿನಲ್ಲಿ ಬೀಗರ ಮನೆ, ಇನ್ನೊಂದು ಊರಿನಲ್ಲಿ ಮಠ, ಹೀಗೆ ತಂಗುತ್ತ, ಏರು ಬಂದಲ್ಲಿ ಉಸಿರು ಬಿಡುತ್ತ, ಘಟ್ಟ ಬಂದಲ್ಲಿ ಇಬ್ಬರೂ ನಡೆಯುತ್ತ ಬಂದರು. ನಾನು ಬಸ್ಸಿನ ಟಾಪಿಗೆ ನನ್ನ ಸೈಕಲ್ ಹೇರಿಸಿಕೊಂಡು ಕುಮಟೆಗೆ ಬಂದು ಅವರನ್ನು ಕೂಡಿಕೊಂಡೆ. ಎಲ್ಲರೂ ಹುಚ್ಚರಾಗಬೇಕೆಂದು ಎಲ್ಲಿದೆ?

ಬಾಡ ದಾಟಿದ ಮೇಲೆ ದಿನ್ನೆ ಶುರುವಾಯಿತು. ಕಾಕಾ ನಿಂತು ತುಳಿದ. ಅರ್ಧಕ್ಕೆ ಬರುವಷ್ಟರಲ್ಲಿ ಮೊಣಕಾಲು ನಡುಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಕಾಕು ಕೆಳಗೆ ಜಿಗಿದೇಬಿಟ್ಟಳು.

“ಹತ್ತು! ಇಲ್ಲೆ ಇಳೀಬಾರ್ದು. ಚೀಲ ಇಳದಿತ್ತೇನು?” ಎಂದು ಕಾಕಾ ಸಿಟ್ಟಾದ.

“ನಾ ಚೀಲ ಅಲ್ಲರಿ. ನನಗ ಕಾಲ ಅದಾವು” ಎಂದು ಕಾಕು ಸೆರಗು ಸಿಕ್ಕಿಸಿ ಹಿಂದಿನಿಂದ ಕ್ಯಾರಿಯರ್ ನೂಕತೊಡಗಿದಳು.

ನೆತ್ತಿಗೆ ಬಂದೆವು. ಎಡಕ್ಕೆ ಸಮುದ್ರ. ಬಿಸಿಲು ಬಿದ್ದು, ಕಣ್ಣು ಹೋದಷ್ಟು ದೂರ ನೀರು. ಕಾಕು ಕೈ ಮುಗಿದು ಬಹಳ ಹೊತ್ತು ನಿಂತಳು. “ಅಗದಿ ನಮ್ಮ ಹೊಲಧಂಗ ಬಯಲ ಐತಿ” ಎಂದಷ್ಟೇ ಹೇಳಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಾಕಾ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಗಾಲಿಗೆ ಕಲ್ಲು ಇಡಬೇಕೋ ಬೇಡವೋ ಎಂದು ನೆಲ ನೋಡುತ್ತ ನಿಂತಿದ್ದ. ಕಾಕು ತಿರುಗಿ ಅವನನ್ನು ನೋಡಿದಳು. ಬಂದು ಅವನ ಕೈ ಬಿಡಿಸಿ ಹ್ಯಾಂಡಲ್ ತಾನು ಹಿಡಿದುಕೊಂಡಳು.

ಬರಿಗೈಯಾದ ಕಾಕಾ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ತಲೆ ಎತ್ತಿದ. ಎರಡು ಹೆಜ್ಜೆ ಮುಂದೆ ಹೋದ. ಕಣ್ಣು ಕದಲಿಸದೆಯೇ ನನ್ನನ್ನು ಕೇಳಿದ:

“ತಮ್ಮಾ, ಇದು ಇಷ್ಟ ದೊಡ್ಡದೈತೇನೋ?”

ಹಿಂದಿನಿಂದ ಕಾಕು ಹೇಳಿದಳು:

“ನೋಡ್ರಿ, ಸಾವಕಾಶ ನೋಡ್ರಿ. ಸೈಕಲ್ ನಾ ಹಿಡಕೊಂಡೇನಿ.”