ಉಪಗ್ರಹಕ್ಕೆ ಕಂಡ ಬೋಳು ಗುಡ್ಡ

ಇದನ್ನು ಬರೆಯಲು ಕೂತದ್ದು ನಾಲ್ಕನೇ ಸಲ. ಮೊದಲು ಮಗಳಿಗೆ ನೀರು ಬೇಕಾಯಿತು, ಆಮೇಲೆ ನೀರು ಚೆಲ್ಲಿತು, ಆಮೇಲೆ ಒರೆಸಿದ ಬಟ್ಟೆಯೇ ಅವಳಿಗೆ ಸೀರೆಯಾಗಬೇಕಾಯಿತು. ಕೆಲಸ ನೆಟ್ಟಗೆ ಮಾಡಲು ಬಿಟ್ಟರೆ ತಾನೇ ಫಜೀತಿ ತಪ್ಪುವುದು!

ಕೆಲಸವೆಂದರೆ ಇಷ್ಟೇ. ಉಪಗ್ರಹ ಮೇಲಿನಿಂದ ಸಿದ್ದಾಪುರ, ಯಲ್ಲಾಪುರದ ಕಾಡಿನ ಫೋಟೋ ತೆಗೆಯುತ್ತದೆ. ಎಲ್ಲಿ ಕಾಡು ಹೋಯಿತು, ಎಲ್ಲಿ ಮತ್ತೆ ಬೆಳೆಯಿತು ಎಂದು ಶಿರಸಿಯಲ್ಲಿ ಕೂತ ಮೇಡಂ ಚುಕ್ಕಿ ಹಾಕುತ್ತಾರೆ. ನಾನು ಮೊಬೈಲ್ ಹಿಡಿದು ಚುಕ್ಕಿಯ ಜಾಗಕ್ಕೆ ಹೋಗಿ, ಅಲ್ಲಿ ಏನಿದೆಯೆಂದು ಬರೆಯಬೇಕು. ಹತ್ತನೇ ಕ್ಲಾಸು ಸಾಕು ಎಂದರು. "ಆದರೆ ಮನೆಯಲ್ಲೇ ಕೂತು ಬರೆದರೆ ಅವತ್ತೇ ಕೆಲಸ ಬಿಡಿಸುತ್ತೇನೆ" ಎಂದೂ ಹೇಳಿದರು. ನನ್ನ ಹೆಸರಿಗೆಂದು ಸಿಕ್ಕ ಮೊದಲ ಕೆಲಸ, ಬಿಡುವ ಮನಸ್ಸಿರಲಿಲ್ಲ.

೧. ಸುಟ್ಟ ಕಾಡು

ತರಬೇತಿಯ ದಿನ ಮೇಡಂ ಒಂದು ಫೋಟೋ ತೋರಿಸಿ, "ಇಲ್ಲಿ ಕಪ್ಪಗಿರುವುದು ಏನು?" ಎಂದರು. ನನ್ನ ಬಾಯಿಗೆ ಬೀಗವಿಲ್ಲ.

"ಕಾಡಿಗೆ ಬೆಂಕಿ ಬಿದ್ದಿದೆ ಮೇಡಂ. ಬೀಡಿ ಸೇದಿ ಎಸೆಯುವ ಗಂಡಸರನ್ನು ಮೊದಲು ಹಿಡಿಯಬೇಕು" ಎಂದು ಶುರುಮಾಡಿ, ಪಕ್ಕದಲ್ಲಿದ್ದ ಗಂಡಸರೆಲ್ಲ ತಲೆ ತಗ್ಗಿಸುವವರೆಗೆ ಬೈದೆ.

ಮೇಡಂ ಮೆಲ್ಲಗೆ, "ಅದು ಮೋಡದ ನೆರಳು" ಎಂದರು.

೨. ಇನ್ನು ಹತ್ತೇ ಮೀಟರು

ಹೇರೂರಿನ ಕಡೆ ಒಂದು ಚುಕ್ಕಿ. ಕಣ್ಣನ್ನು ಮೊಬೈಲಿಗೆ ನೆಟ್ಟು ನಡೆದವಳು ಸೀದಾ ಗೊಬ್ಬರದ ಗುಂಡಿಗೆ ಇಳಿದೆ, ಮೊಣಕಾಲವರೆಗೆ. ಜಗಲಿಯಲ್ಲಿದ್ದ ಅಜ್ಜಿ ಕೇಳಿದರು:

"ಎಂತ ಹುಡುಕ್ತೆ ತಂಗೀ?"

"ಕಾಡು, ಅಜ್ಜಿ."

"ಅದ್ರೊಳಗೆ ಯಾವ ಕಾಡೂ ಇಲ್ಲೆ. ಬೇಕಾದ್ರೆ ಇನ್ನೊಂಚೂರು ಆಳಕ್ಕೆ ಹೋಗಿ ನೋಡು."

೩. ಅಪರಿಚಿತರು

ಮಗಳಿಗೆ ಜ್ವರ. ಉಳಿದದ್ದು ಒಂದೇ ಚುಕ್ಕಿ: ಪ್ರತಿ ವರ್ಷ ಬೋಳಾಗಿ ಮತ್ತೆ ಹಸುರಾಗುವ ಒಂದು ಗುಡ್ಡ. ಇದೊಂದು ಸಲ ಎಂದುಕೊಂಡು ಮನೆಯಲ್ಲೇ ಕೂತು ಬರೆದೆ: 'ಹೋಗಿ ನೋಡಿದೆ. ಅಪರಿಚಿತರು ಟೊಂಗೆ ಕಡಿಯುತ್ತಿದ್ದರು. ನನ್ನನ್ನು ಕಂಡು ಓಡಿದರು.'

ನಾಲ್ಕನೇ ದಿನ ಮೇಡಂ ಜೀಪಿನಲ್ಲಿ ಮನೆಗೇ ಬಂದರು. "ಬನ್ನಿ, ಆ ಜಾಗ ತೋರಿಸಿ."

ಮೊಬೈಲಿನ ಬಾಣ ಹಿಡಿದು ಹೊರಟೆವು. ಬಾಣ ನಮ್ಮ ಅಂಗಳ ದಾಟಿತು, ಕೊಟ್ಟಿಗೆ ದಾಟಿತು, ಹಿಂದಿನ ಸೊಪ್ಪಿನ ಬೆಟ್ಟ ಹತ್ತಿತು. ತೋಟದ ಗೊಬ್ಬರಕ್ಕೆ ನಾವೇ ವರ್ಷವರ್ಷವೂ ಸೊಪ್ಪು ಕಡಿಯುವ ಬೆಟ್ಟ! ಕಡಿದಾಗ ಬೋಳು, ಚಿಗುರಿದಾಗ ಹಸುರು. ದಿನಾ ಹತ್ತುವವಳಿಗೆ ಆಕಾಶದಿಂದ ಗುರುತೇ ಸಿಕ್ಕಿರಲಿಲ್ಲ.

ಸೊಪ್ಪಿನ ಹೊರೆ ಕಟ್ಟುತ್ತಿದ್ದ ಅತ್ತೆ ನನ್ನನ್ನು ಕಂಡದ್ದೇ ಕೂಗಿದರು: "ಏ ಕೂಸೇ, ನಿನ್ನೆ ನೀನು ಕಡ್ದ ಸೊಪ್ಪೆಲ್ಲ ಇಲ್ಲೇ ಇದ್ದು. ನಿನ್ನ ಕತ್ತಿನೂ ಇಲ್ಲೇ ಇದ್ದು!"

ಮೇಡಂ ಕತ್ತಿ ನೋಡಿದರು, ನನ್ನ ವರದಿ ತೆರೆದರು, ಪೆನ್ನು ತೆಗೆದರು.

"ಹೇಳಿ, ಆ ಅಪರಿಚಿತರು ನೋಡಲು ಹೇಗಿದ್ದರು?"