ಆಂಟಿಗೆ ನಾನು ಕೊಟ್ಟ ಪೂರ್ಣ ಮಾಹಿತಿ

ಗೊತ್ತಿಲ್ಲದ ವಿಷಯ ಮಾತಾಡಿ ಮಾನ ಕಳೆದುಕೊಂಡವರ ಮೇಲೆ ಎಲ್ಲರಿಗೂ ಸ್ವಲ್ಪ ಕನಿಕರವಿರುತ್ತದೆ. ಗೊತ್ತಿರುವ ವಿಷಯವನ್ನೇ ಮಾತಾಡಿ ಕಳೆದುಕೊಂಡವರನ್ನು ಯಾರೂ ಸಮಾಧಾನ ಮಾಡುವುದಿಲ್ಲ. ನಾನು ಈ ಎರಡನೆಯವರ ಪೈಕಿ.

ಅಡಿಲೇಡಿನಲ್ಲಿ ನನ್ನ ಸಂಶೋಧನೆ ಬೆಳಕಿನಿಂದ ಕೆಲಸ ಮಾಡುವ ಕ್ಯಾನ್ಸರ್ ಔಷಧಿಗಳ ಮೇಲೆ. ಈ ಔಷಧಿ ಮೈಯೊಳಗೆ ಸುಮ್ಮನೆ ಬಿದ್ದಿರುತ್ತದೆ. ಬೆಳಕು ಬಿದ್ದಾಗಷ್ಟೇ ಎದ್ದು ಗಡ್ಡೆಯನ್ನು ಸುಡುತ್ತದೆ. ಆದರೆ ಗಡ್ಡೆಯ ತನಕ ತಾನಾಗಿ ಹೋಗಲು ಅದಕ್ಕೆ ಬಾರದು, ಹೊತ್ತೊಯ್ಯುವ ವಾಹಕ ಬೇಕು. ಆ ವಾಹಕವನ್ನು ಆರಿಸುವುದು ನನ್ನ ಕೆಲಸ. ಕೊಬ್ಬಿನ ಸಣ್ಣ ಗುಳ್ಳೆ ಒಳ್ಳೆಯದೇ, ಆದರೆ ದಾರಿಯಲ್ಲೇ ಸೋರುತ್ತದೆ. ಪ್ಲಾಸ್ಟಿಕ್‌ನಂಥ ಕಣ ಸೋರುವುದಿಲ್ಲ, ಆದರೆ ಲಿವರಿಗೆ ಹೋಗಿ ಕೂತುಬಿಡುತ್ತದೆ. ಚಿನ್ನದ ಕಣ ಚೆಂದ, ಆದರೆ ಕೆಲವು ನೆಂಟರ ಹಾಗೆ ಹೊರಡುವ ಮಾತೇ ಆಡುವುದಿಲ್ಲ. ಹೀಗೆ ದಿನವಿಡೀ 'ಆದರೆ' ಎನ್ನುವುದಕ್ಕೇ ನನಗೆ ವಿದ್ಯಾರ್ಥಿವೇತನ.

ಇಲ್ಲಿಯ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಸುಮಿತ್ರಾ ಆಂಟಿ, ಮೈಸೂರಿನವರು. ಅವರ ಕೆನ್ನೆಯ ಕೆಂಪು ಕಲೆ ಚರ್ಮದ ಕ್ಯಾನ್ಸರಿನ ಆರಂಭ ಎಂದು ಗೊತ್ತಾಗಿ, ಡಾಕ್ಟರು ಇದೇ ಬೆಳಕಿನ ಚಿಕಿತ್ಸೆ ಹೇಳಿದ್ದರು. ಒಂದು ಸಂಜೆ ಹುರುಳಿಕಾಯಿಯ ನಾರು ತೆಗೆಯುತ್ತಾ, "ನೀನು ಓದ್ತಿರೋದೂ ಅದೇ ಅಲ್ವೇನೇ? ಔಷಧಿ ಸರಿಯಾದ ಜಾಗಕ್ಕೆ ಹೋಗುತ್ತಾ?" ಎಂದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನನ್ನದು ಸಾಮಾನ್ಯವಾಗಿ ಮಾತು ಕಡಿಮೆ. ಆದರೆ ನನ್ನ ವಿಷಯವನ್ನು ಯಾರೋ ಕೇಳಿದರೆಂಬ ಸಂತೋಷಕ್ಕೆ ಸೋರಿಕೆ, ಲಿವರು, ಚಿನ್ನ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಆಂಟಿ ಹುರುಳಿಕಾಯಿ ಬದಿಗಿಟ್ಟು ಕೇಳಿದರು. ಎಂಥ ಆಸಕ್ತಿ ಎಂದುಕೊಂಡೆ.

ಮರುದಿನ ಅವರು ಅಪಾಯಿಂಟ್‌ಮೆಂಟ್ ರದ್ದು ಮಾಡಿದರು. ಬ್ರಿಸ್ಬೇನಿನಲ್ಲಿರುವ ಅವರ ಮಗಳು ನನಗೇ ಫೋನ್ ಮಾಡಿದಳು. ಅಮ್ಮ ಲಿವರ್ ಹೋಗುತ್ತೆ ಅಂತಿದ್ದಾರೆ, ಕೆನ್ನೆಗೆ ಹಚ್ಚುವ ಕ್ರೀಮಿಗೂ ಲಿವರಿಗೂ ಏನು ಸಂಬಂಧ, ಯಾರು ತಲೆಗೆ ತುಂಬಿದರೋ ಎಂದಳು. ಸಂಬಂಧ ಏನೂ ಇರಲಿಲ್ಲ. ನನ್ನ ವಾಹಕಗಳ ಗೋಳೆಲ್ಲ ರಕ್ತದಲ್ಲಿ ಹರಿಯುವ ಔಷಧಿಯದು. ಆಂಟಿಯದು ಕಲೆಯ ಮೇಲೇ ಬಳಿಯುವ ಕ್ರೀಮು. ಅಷ್ಟೊಂದು ನಿಖರವಾಗಿ ಮಾತಾಡಿದವಳಿಗೆ ಈ ಒಂದು ವಾಕ್ಯ ಮಾತ್ರ ಹೊಳೆದಿರಲಿಲ್ಲ. ತಲೆಗೆ ತುಂಬಿದವಳು ನಾನೇ ಎಂದು ಅವಳಿಗೆ ಹೇಳಿ ಅಡುಗೆಮನೆಗೆ ಹೋದೆ.

ನಿಮ್ಮ ಕ್ರೀಮಿಗೆ ಲಿವರಿನ ಗೋಜೇ ಇಲ್ಲ ಎಂದು ನಾನು ಹೇಳಿದ್ದನ್ನೆಲ್ಲ ಕೇಳಿ ಆಂಟಿ ಒಂದೇ ಪ್ರಶ್ನೆ ಹಾಕಿದರು. "ಇದು ಓದಿದ್ದೋ, ನನ್ನ ಸಮಾಧಾನಕ್ಕೆ ಹೇಳ್ತಿರೋದೋ?"

"ಓದಿದ್ದೇ, ಆಂಟಿ. ಬೆಳಕು ಬಿಟ್ಟಾಗ ಉರಿಯುತ್ತೆ, ಅದು ನಿಜ. ನನ್ನಮ್ಮನಾಗಿದ್ರೂ ಹೋಗು ಅಂತಿದ್ದೆ."

"ಹಾಗಾದ್ರೆ ನೀನೂ ಬಾ. ಹೆದರಿಸಿದವಳೇ ಪಕ್ಕದಲ್ಲಿ ಕೂತಿರು."

ಮಾಡ್ಬರಿಯ ಕ್ಲಿನಿಕ್ಕಿನಲ್ಲಿ ನರ್ಸ್ ಕ್ರೀಮು ಹಚ್ಚುವ ಮುನ್ನ ಏನಾದರೂ ಪ್ರಶ್ನೆಗಳಿವೆಯೇ ಎಂದು ವಿಚಾರಿಸಿದಳು. ಆಂಟಿ ನನ್ನತ್ತ ಕೈ ತೋರಿಸಿ, ಇವಳು ಸೈಂಟಿಸ್ಟ್, ಏನಿದ್ದರೂ ಇವಳೇ ಕೇಳುತ್ತಾಳೆ ಎಂದರು. ಕ್ರೀಮು ಚರ್ಮದಲ್ಲಿ ಎಷ್ಟು ಆಳಕ್ಕಿಳಿಯುತ್ತದೆ, ಎಲ್ಲ ಕಡೆಯೂ ಒಂದೇ ಸಮ ಇಳಿಯುತ್ತದೆಯೇ, ಇನ್ನೂ ಏನೇನೋ ಗಂಟಲಿನವರೆಗೆ ಬಂದು ಸಾಲಾಗಿ ನಿಂತವು. ಆಂಟಿಯ ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳಬಹುದೇ ಎಂದು ಸೈಂಟಿಸ್ಟ್ ಕೇಳಿದಳು.