ರೇಡಿಯೇಟರಿನ ಅಂಬಲಿ

ನನ್ನ ಹೆಂಡತಿ ಅನಸೂಯಾಬಾಯಿಗೆ ಈ ಜನ್ಮದಲ್ಲಿ ಒಪ್ಪಿಗೆಯಾಗದ ವಸ್ತುಗಳು ಎರಡು: ಒಂದು ನನ್ನ ವ್ಯಾನು, ಇನ್ನೊಂದು ಅದನ್ನು ಕೊಂಡ ನಾನು. ಮಿಲಿಟರಿಯವರು ಹರಾಜು ಹಾಕಿದ ಆ ವ್ಯಾನಿಗೆ ನರಗುಂದದ ಬಡಿಗನ ಕೈಯಿಂದ ಮಂಚ ಹೊಡೆಸಿ, ಸ್ಟೋವಿಗೊಂದು ಕಟ್ಟೆ ಮಾಡಿಸಿ, ಕಿಟಕಿಗೆ ಪರದೆ ಬಿಟ್ಟು, ಹಣೆಯ ಮೇಲೆ ‘ಸಂಚಾರಿ ಸದನ’ ಎಂದು ಬರೆಸಿದ್ದೆ. ಇವಳು ಮಾತ್ರ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದಳು.

ಸದನದ ಮೊದಲ ವಿದೇಶಯಾತ್ರೆ ಕುಷ್ಟಗಿಗೆ. (ನಗಬೇಡಿ. ಆಗ ಗಜೇಂದ್ರಗಡ ದಾಟಿದರೆ ಮುಂಬಯಿ ರಾಜ್ಯ ಮುಗಿದು ಹೈದರಾಬಾದ ರಾಜ್ಯ ಶುರುವಾಗುತ್ತಿತ್ತು. ನಮ್ಮವರ ಬಾಯಲ್ಲಿ ಅದಿನ್ನೂ ಮೊಗಲಾಯಿ.) ಅಲ್ಲಿ ಅವಳ ತಮ್ಮ ಶ್ರೀಧರನ ಮಗನಿಗೆ ಅಂದು ಸಂಜೆ ಹೆಸರಿಡುವವರಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇವಳು. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ತಮ್ಮನ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಕೂಸು. ಅಷ್ಟೂ ವರ್ಷ ಇವಳು ಆ ಗುದ್ದುಗಳಿಗಾಗಿ ಬೆನ್ನು ಸಿದ್ಧಮಾಡಿಕೊಂಡು ಕೂತಿದ್ದಳು.

ರೋಣದವರೆಗೆ ಸದನ ಸುಖವಾಗಿ ಸಂಚರಿಸಿತು. ಗಜೇಂದ್ರಗಡದ ಏರಿನಲ್ಲಿ ಏದುಸಿರು ಬಿಟ್ಟಿತು. ಮೊಗಲಾಯಿಗೆ ಕಾಲಿಟ್ಟು, ಕುಷ್ಟಗಿ ಇನ್ನು ಐದು ಮೈಲಿ ಇದೆಯೆನ್ನುವಾಗ ಭುಸ್ಸೆಂದು ನಿಂತೇಬಿಟ್ಟಿತು. ಇಳಿದು ನೋಡಿದರೆ ರೇಡಿಯೇಟರು ಸೋರುತ್ತಿದೆ.

ಅಷ್ಟರಲ್ಲಿ ಕುಷ್ಟಗಿಯ ಕೊನೆಯ ಬಸ್ಸು ಬಂತು. ಡ್ರೈವರು ನಿಲ್ಲಿಸಿ ಏನಾಯಿತೆಂದು ಕೇಳಿದ. ಸ್ವಂತ ವಾಹನದ ಮಾಲೀಕ ಬಸ್ಸು ಹತ್ತುವುದೇ? ಗಾಳಿ ಸೇವನೆಗೆ ನಿಂತಿದ್ದೇವೆ ಎಂದು ಕೈಬೀಸಿ ಕಳಿಸಿಬಿಟ್ಟೆ. ಅನಸೂಯಾಬಾಯಿ ಒಮ್ಮೆ ಬಸ್ಸಿನ ಧೂಳನ್ನು ನೋಡಿದಳು, ಒಮ್ಮೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದಕ್ಕೆ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಿಟ್ಟು ಹಾಕಿದರೆ ಸೋರುವುದು ನಿಲ್ಲುತ್ತದೆಂದು ಎಲ್ಲೋ ಕೇಳಿದ್ದೆ. ದಾರಿಯ ಅಡಿಗೆಗೆಂದು ಕಟ್ಟಿಕೊಂಡಿದ್ದ ಜೋಳದ ಹಿಟ್ಟಿನ ಗಂಟು ಕೇಳಿದೆ.

“ಎಷ್ಟು ಹಾಕಬೇಕು, ಗೊತ್ತದ ಏನು ನಿಮಗ?”

“ಯಂತ್ರದ ವಿಷಯ ಹೆಂಗಸರಿಗೆ ತಿಳಿಯೂದಿಲ್ಲ, ಸುಮ್ಮನಿರು,” ಎಂದು ಒಂದು ಹಿಡಿ ಹಾಕಿದೆ. ಸೋರುವುದು ಕಡಿಮೆಯಾಯಿತು. ಎರಡು ಹಿಡಿಗೆ ನಿಂತಿತು. (ಅಲ್ಲಿಗೆ ನಾನೂ ನಿಲ್ಲಬೇಕಿತ್ತು.) ಭದ್ರವಾಗಿರಲೆಂದು ಇಡೀ ಗಂಟನ್ನೇ ಸುರಿದೆ.

ಅರ್ಧ ಮೈಲಿ ವಿಜಯಯಾತ್ರೆ ನಡೆಯಿತು. ಆಮೇಲೆ ಕೊತಕೊತ ಸದ್ದು. ಇಳಿದು ಮುಚ್ಚಳ ಸಡಿಲಿಸಿದ್ದೇ ತಡ, ಅದು ಹಾರಿ ಹೊಲಕ್ಕೆ ಬಿತ್ತು. ಒಳಗಿನದರಲ್ಲಿ ಅರ್ಧ ನನ್ನ ಹೊಸ ಕೋಟಿನ ಮೇಲೆ ಬಿತ್ತು. ಹಿಂದೆ ಖಾಲಿ ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ ಕುಷ್ಟಗಿಯ ಟಿಪ್ಪುಸಾಬ ಇಳಿದು, ಬಗ್ಗಿ ಮೂಸಿ ನೋಡಿದ.

“ರಾಯರ, ಅಂಬಲಿ ಚಲೋ ಕುದ್ದೈತಿ. ಉಪ್ಪು ಹಾಕೀರೇನ್ರಿ?”

ಎತ್ತು ಬಿಚ್ಚಿ ವ್ಯಾನು ಎಳೆಸು ಎಂದೆ ನಾನು. ಅದನ್ನು ಎಳೆದರೆ ಮುಟ್ಟುವುದು ನಾಳೆಯೇ, ಬರೇ ಚಕ್ಕಡಿಯಾದರೆ ದೀಪ ಹಚ್ಚುವುದರೊಳಗೆ ಮುಟ್ಟಬಹುದು ಎಂದ ಅವನು. ಮಾತು ಮುಗಿಯುವುದರೊಳಗೆ ಅನಸೂಯಾಬಾಯಿ ಸೆರಗು ಬಿಗಿದು ಚಕ್ಕಡಿ ಹತ್ತಿ ಕೂತಿದ್ದಳು.

“ಸದನ ಬಿಟ್ಟು ನಾ ಹ್ಯಾಂಗ ಬರಲಿ? ಹಿಟ್ಟೂ ಮುಗದದ. ಊಟಕ್ಕೇನು ಮಾಡಲಿ?”

“ರೇಡಿಯೇಟರಿನ್ಯಾಗ ಅಂಬಲಿ ಅದ ಅಲ್ಲ,” ಎಂದಳು. ಚಕ್ಕಡಿ ಹೋಯಿತು.

ಮರುದಿನ ಟಿಪ್ಪುಸಾಬನ ಎತ್ತುಗಳು ಸದನವನ್ನು ಎಳೆಯುತ್ತ ಕುಷ್ಟಗಿಗೆ ತಂದವು. ಮರ್ಯಾದೆಗೆ ನಾನು ಸ್ಟಿಯರಿಂಗು ಹಿಡಿದು ಕೂತಿದ್ದೆ. ಓಣಿಯ ಹೆಂಗಸರೆಲ್ಲ ಶ್ರೀಧರನ ಕಟ್ಟೆಯ ಮೇಲೆ ಸೇರಿದ್ದರು. ನನಗೆ ಆರತಿ ಇರಬೇಕೆಂದುಕೊಂಡೆ.

ಹೊತ್ತಿಗೆ ಸರಿಯಾಗಿ ಹೆಸರಿಟ್ಟಾಯಿತೆಂದು ಹೆಂಡತಿಯ ಮುಖವೇ ಹೇಳುತ್ತಿತ್ತು. ನೋಡಿ ನನ್ನ ಜೀವಕ್ಕೂ ಹಾಯೆನಿಸಿತು.

“ಹೆಸರು ನಾ ಇಟ್ಟೆ,” ಎಂದಳು. “ಚಕ್ಕಡಿಯೊಳಗ ಕುಲುಕಿ ಬೆನ್ನು ಹಣ್ಣಾಗಿತ್ತು ನೋಡ್ರಿ, ಗುದ್ದು ಮಾತ್ರ ನಿಮ್ಮ ಪಾಲಿಗೆ ಉಳಿಸೇನಿ. ಬಗ್ಗರಿ.”

ಹೆಂಗಸರು ನಗುತ್ತ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ನಿಂತವಳು ಅನಸೂಯಾಬಾಯಿಯೇ.